ಹೊತ್ತು ಹುಟ್ಟದ ಊರಿನಲ್ಲಿ ನಿದ್ದೆ ಯಾಕೆ ಕೆಡುತ್ತದೆ?

ಅಂಟಾರ್ಕ್ಟಿಕಾದಲ್ಲಿ ಭಾರತ ಹೊಸ ಸಂಶೋಧನಾ ಕೇಂದ್ರ ಕಟ್ಟಲು ಹೊರಟಿದೆ. ಅದರ ಹೆಸರು ಮೈತ್ರಿ-2. 2024ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ಅಂಟಾರ್ಕ್ಟಿಕ್ ಒಪ್ಪಂದದ ದೇಶಗಳ ಸಭೆ ನಡೆದಾಗಲೇ ಈ ಯೋಜನೆಯ ಮಾತು ಬಂದಿತ್ತು. ಸುಮಾರು 2,000 ಕೋಟಿ ರೂಪಾಯಿ ಖರ್ಚಾಗುತ್ತದೆ, 2029ರ ಹೊತ್ತಿಗೆ ಸಿದ್ಧವಾಗಬೇಕು ಎಂಬ ಸುದ್ದಿ ಆಮೇಲೆ ಬಂತು. ಅಂಟಾರ್ಕ್ಟಿಕಾ ಸುದ್ದಿಯಲ್ಲಿದ್ದಾಗಲೆಲ್ಲ ಇನ್ನೊಂದು ಮಾತೂ ಓಡಾಡುತ್ತದೆ. ಅಲ್ಲಿ ಚಳಿಗಾಲ ಕಳೆಯುವವರಿಗೆ ನಿದ್ದೆ ಹತ್ತುವುದಿಲ್ಲ, ಹಗಲೆಲ್ಲ ಮಂಕು ಕವಿದಿರುತ್ತದೆ, ಮೆದುಳೇ ಸ್ವಲ್ಪ ಕುಗ್ಗುತ್ತದೆ ಎಂದು.

ಓದಿದವರಿಗೆ ಇದು ಗೊಂದಲವೇ. ವಾರಗಟ್ಟಲೆ ಸೂರ್ಯ ಮುಖ ತೋರಿಸುವುದಿಲ್ಲ. ಹೊರಗೆ ಗವ್ವೆನ್ನುವ ಕತ್ತಲು, ಒಳಗೆ ಬೆಚ್ಚಗಿನ ಕೋಣೆ. ಅಂಥ ಕಡೆ ಗಡದ್ದಾಗಿ ನಿದ್ದೆ ಬರಬೇಕಲ್ವಾ?

ಹಾಗೆ ಅನಿಸುವುದು ಸಹಜ. ಆದರೆ ರಾತ್ರಿಯ ನಿದ್ದೆಯ ತಯಾರಿ ನಡೆಯುವುದು ಬೆಳಗ್ಗೆ. ಎದ್ದ ಮೇಲೆ ಕಣ್ಣಿಗೆ ಬೀಳುವ ಬೆಳಕು ಆ ರಾತ್ರಿ ಎಷ್ಟು ಹೊತ್ತಿಗೆ ಕಣ್ಣು ಎಳೆಯಬೇಕು ಎಂದು ತೀರ್ಮಾನಿಸುತ್ತದೆ. ಅಂಟಾರ್ಕ್ಟಿಕಾದ ಚಳಿಗಾಲದಲ್ಲಿ ಕತ್ತಲೆಗೆ ಬರವಿಲ್ಲ. ಬೆಳಗ್ಗೆ ಎಂಬುದೇ ಇಲ್ಲ. ಗೊಂದಲದ ಗಂಟು ಇರುವುದು ಇಲ್ಲೇ.

ಅಲ್ಲಿ ಯಾರಿರುತ್ತಾರೆ?

ಅಲ್ಲಿ ಭಾರತಕ್ಕೆ ಈಗ ಎರಡು ಕೇಂದ್ರಗಳಿವೆ. ಮೈತ್ರಿ ಕೇಂದ್ರ ಕೆಲಸ ಶುರು ಮಾಡಿದ್ದು 1989ರಲ್ಲಿ, ಷಿರ್ಮಾಕರ್ ಎಂಬ ಬಂಡೆ ನೆಲದ ಮೇಲೆ. ಭಾರತಿ 2012ರದ್ದು, ಲಾರ್ಸ್‌ಮನ್ ಬೆಟ್ಟಗಳಲ್ಲಿದೆ. ಎರಡನ್ನೂ ನೋಡಿಕೊಳ್ಳುವುದು ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಬೇಸಿಗೆಯಲ್ಲಿ ಜನ ಜಾಸ್ತಿ. ಹಡಗು ಹೊರಟ ಮೇಲೆ ಉಳಿಯುವುದು ಚಿಕ್ಕದೊಂದು ವಿಂಟರ್ ಟೀಮ್. ಹವಾಮಾನ ನೋಡುವವರು, ವೈದ್ಯರು, ಅಡುಗೆಯವರು, ಜನರೇಟರ್ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ಸಂಪರ್ಕ ನೋಡಿಕೊಳ್ಳುವವರು. ಭಾರತಿಯಲ್ಲಿ ಇಸ್ರೋದ ಉಪಗ್ರಹ ಮಾಹಿತಿ ಪಡೆಯುವ ನೆಲೆಯೂ ಇದೆ. ಉಪಗ್ರಹಗಳು ರಾತ್ರಿ ಹಗಲು ನೋಡಿ ಹಾದು ಹೋಗುವುದಿಲ್ಲ, ಹಾಗಾಗಿ ಅಲ್ಲಿನ ಕೆಲಸಕ್ಕೂ ರಾತ್ರಿ ಹಗಲಿಲ್ಲ.

ಮೈತ್ರಿಯಲ್ಲಿ ಮೇ ಕೊನೆಯಿಂದ ಜುಲೈ ತನಕ, ಸುಮಾರು ಎರಡು ತಿಂಗಳು, ಸೂರ್ಯ ಮೇಲೇಳುವುದಿಲ್ಲ. ಫ್ರಾನ್ಸ್ ಮತ್ತು ಇಟಲಿ ಸೇರಿ ನಡೆಸುವ ಕಾಂಕಾರ್ಡಿಯಾ ಕೇಂದ್ರದಲ್ಲಿ ಈ ಕತ್ತಲೆ ಮೂರು ತಿಂಗಳಿಗೂ ಜಾಸ್ತಿ. ದಕ್ಷಿಣ ಧ್ರುವದಲ್ಲಿರುವ ಅಮೆರಿಕದ ಕೇಂದ್ರದಲ್ಲಿ ಆರು ತಿಂಗಳು. ನಡುವೆ ಯಾರಾದರೂ ಕಾಯಿಲೆ ಬಿದ್ದರೆ, ಮನಸ್ಸು ಕೆಟ್ಟರೆ, ಎದ್ದು ಮನೆಗೆ ಬರುವ ದಾರಿ ಹೆಚ್ಚು ಕಡಿಮೆ ಮುಚ್ಚಿರುತ್ತದೆ.

ದಿನಕ್ಕೆ ಹನ್ನೊಂದು ನಿಮಿಷದ ಲೆಕ್ಕ

ಕನ್ನಡದಲ್ಲಿ ‘ಹೊತ್ತು’ ಅಂದರೆ ಸಮಯವೂ ಹೌದು, ಸೂರ್ಯನೂ ಹೌದು. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು, ಹೊತ್ತಾಯಿತು ಅನ್ನುತ್ತೇವೆ. ನಮ್ಮ ದೇಹವೂ ಇದೇ ಮಾತನ್ನು ನಂಬಿಕೊಂಡಿದೆ.

ಮೆದುಳಿನಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆಯೇ, ಪುಟ್ಟದೊಂದು ನರಕೋಶಗಳ ಗುಂಪಿದೆ. ಅದೇ ದೇಹದ ಗಡಿಯಾರ. ನಿದ್ದೆ, ಹಸಿವು, ಮೈಯ ಬಿಸಿ, ಚುರುಕು, ಎಲ್ಲಕ್ಕೂ ಹೊತ್ತು ಹೇಳುವುದು ಅದು. ಆದರೆ ಈ ಗಡಿಯಾರ ಸರಿಯಾಗಿ 24 ಗಂಟೆಗೆ ಒಂದು ಸುತ್ತು ಮುಗಿಸುವುದಿಲ್ಲ. ಹಾರ್ವರ್ಡ್‌ನ ಸಂಶೋಧಕರು 1999ರಲ್ಲಿ ಅಳೆದು ಹೇಳಿದಂತೆ, ಸರಾಸರಿ ಮನುಷ್ಯನ ಗಡಿಯಾರದ ಒಂದು ಸುತ್ತಿಗೆ 24 ಗಂಟೆ 11 ನಿಮಿಷ ಬೇಕು.

ಹನ್ನೊಂದು ನಿಮಿಷ ಏನು ಮಹಾ ಅನಿಸಬಹುದು. ನಮ್ಮ ಊರುಗಳಲ್ಲಿ ಅದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಪ್ರತಿದಿನ ಬೆಳಗಿನ ಬಿಸಿಲು ಮುಳ್ಳನ್ನು ಮುಂದಕ್ಕೆ ತಿರುಗಿಸಿ ಸರಿಮಾಡುತ್ತದೆ. ಸರಿಮಾಡುವ ಬಿಸಿಲೇ ಇಲ್ಲದಿದ್ದರೆ? ಒಂದು ವಾರದಲ್ಲಿ ಗಡಿಯಾರ ಒಂದು ಗಂಟೆಗೂ ಜಾಸ್ತಿ ಹಿಂದೆ ಬೀಳುತ್ತದೆ. ಎರಡು ತಿಂಗಳಲ್ಲಿ ಹನ್ನೊಂದು ಗಂಟೆ. ಅಂದರೆ ಗೋಡೆಯ ಗಡಿಯಾರ ಹಗಲು ಎನ್ನುವಾಗ ದೇಹ ರಾತ್ರಿ ಎನ್ನುತ್ತಿರುತ್ತದೆ.

ಒಳಗೆ ಟ್ಯೂಬ್‌ಲೈಟ್ ಇದೆಯಲ್ಲ, ಅದು ಸಾಲದೇ ಎಂದು ಕೇಳಬಹುದು. ಸಾಲುವುದಿಲ್ಲ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಬಯಲಿನ ಮಧ್ಯಾಹ್ನದ ಬಿಸಿಲು 1,00,000 ಲಕ್ಸ್‌ವರೆಗೆ ಹೋಗುತ್ತದೆ. ಮನೆ, ಆಫೀಸಿನ ದೀಪ ಸಾಮಾನ್ಯವಾಗಿ 500 ಲಕ್ಸ್ ದಾಟುವುದಿಲ್ಲ. ನಮ್ಮ ಕಣ್ಣು ಮಂದ ಬೆಳಕಿಗೂ ಹೊಂದಿಕೊಳ್ಳುವುದರಿಂದ ವ್ಯತ್ಯಾಸ ಇಷ್ಟಿದೆ ಎಂದು ತಿಳಿಯುವುದೇ ಇಲ್ಲ. ಓದಲು, ಅಡುಗೆ ಮಾಡಲು ಆ ಬೆಳಕು ಸಾಕು. ಗಡಿಯಾರ ತಿರುಗಿಸಲು ಸಾಲದು. ಕಣ್ಣಿನ ಹಿಂಪರದೆಯಲ್ಲಿ ನೋಡುವ ಕೆಲಸಕ್ಕಿಂತ ಹೊತ್ತು ತಿಳಿಸುವ ಕೆಲಸವನ್ನೇ ಮುಖ್ಯವಾಗಿ ಮಾಡುವ ಬೇರೆ ಕೋಶಗಳಿವೆ. ಅವು ಹೆಚ್ಚಾಗಿ ಸ್ಪಂದಿಸುವುದು ನೀಲಿ ಅಂಶ ಹೆಚ್ಚಿರುವ ಪ್ರಖರ ಬೆಳಕಿಗೆ. ಅಂದರೆ ಹಗಲಿನ ಆಕಾಶದ ಬೆಳಕಿಗೆ.

ಅಂಟಾರ್ಕ್ಟಿಕಾದ ಕೇಪ್ ಇವಾನ್ಸ್‌ನಲ್ಲಿ ನಾಲ್ಕೇ ಜನರ ಒಂದು ತಂಡ ಚಳಿಗಾಲ ಕಳೆದಾಗ ಅವರ ದೇಹದ ಲಯ ನಿಜಕ್ಕೂ ಹೀಗೇ ದಿನದಿಂದ ದಿನಕ್ಕೆ ಜಾರುತ್ತಾ ಹೋದದ್ದು ದಾಖಲಾಗಿದೆ. ದೊಡ್ಡ ಕೇಂದ್ರಗಳಲ್ಲಿ ಅಷ್ಟು ಕೆಡುವುದಿಲ್ಲ. ಅಲ್ಲಿ ಊಟದ ಗಂಟೆ, ಕೆಲಸದ ವೇಳಾಪಟ್ಟಿ ಇರುತ್ತದೆ. ಅವು ಗಡಿಯಾರವನ್ನು ಪೂರ್ತಿ ಜಾರಲು ಬಿಡುವುದಿಲ್ಲ, ಆದರೆ ಪೂರ್ತಿ ಸರಿಯೂ ಮಾಡಲಾರವು. ರಾತ್ರಿ ಹನ್ನೊಂದಕ್ಕೆ ಮಲಗಿದರೆ ದೇಹದ ಲೆಕ್ಕದಲ್ಲಿ ಇನ್ನೂ ಸಂಜೆ. ಒಂದೆರಡು ಗಂಟೆ ಹೊರಳಾಟ. ಬೆಳಗ್ಗೆ ಏಳಕ್ಕೆ ಅಲಾರಂ ಹೊಡೆದರೆ ದೇಹದ ಲೆಕ್ಕದಲ್ಲಿ ಇನ್ನೂ ನಡುರಾತ್ರಿ. ಅಂಟಾರ್ಕ್ಟಿಕಾದ ಜನ ಈ ನಿದ್ದೆಗೇಡಿಗೆ ‘ಬಿಗ್ ಐ’ ಎಂದೇ ಹೆಸರಿಟ್ಟಿದ್ದಾರೆ. ಕಣ್ಣು ಬಿಟ್ಟುಕೊಂಡೇ ಬಿದ್ದಿರುವುದು.

ಮೈತ್ರಿಯಲ್ಲೇ ಇದನ್ನು ಅಳೆದಿದ್ದಾರೆ. ತಂಡದ ಕೆಲವರ ನಿದ್ದೆಯನ್ನು ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆಗಳ ಮೂಲಕ ದಾಖಲಿಸಿದ ಭಾರತೀಯ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಕತ್ತಲ ತಿಂಗಳುಗಳಲ್ಲಿ ಗಾಢ ನಿದ್ದೆಯ ಪಾಲು ಕುಗ್ಗಿತ್ತು, ನಡುನಡುವೆ ಎಚ್ಚರವಾಗುವುದು ಹೆಚ್ಚಿತ್ತು. ಗಾಢ ನಿದ್ದೆ ಕಡಿಮೆಯಾದರೆ ಎಂಟು ಗಂಟೆ ಮಲಗಿ ಎದ್ದರೂ ದಣಿವು ಹೋಗಿರುವುದಿಲ್ಲ.

ಒಲೆಯ ಮುಂದೆ ಕೂರಿಸಿದ ವೈದ್ಯ

ಇದು ಇವತ್ತಿನ ಸಮಸ್ಯೆಯೇನಲ್ಲ. 1898ರಲ್ಲಿ ಬೆಲ್ಜಿಕಾ ಎಂಬ ಹಡಗು ಬೆಲ್ಲಿಂಗ್ಸ್‌ಹೌಸನ್ ಸಮುದ್ರದ ಹಿಮದಲ್ಲಿ ಸಿಕ್ಕಿಕೊಂಡಿತು. ಅಂಟಾರ್ಕ್ಟಿಕ್ ವೃತ್ತದೊಳಗೆ ಚಳಿಗಾಲ ಪೂರ್ತಿ ಕಳೆದ ಮೊದಲ ತಂಡ ಅದು. ಮೇ ತಿಂಗಳಲ್ಲಿ ಮುಳುಗಿದ ಸೂರ್ಯ ಮತ್ತೆ ಕಂಡದ್ದು ಜುಲೈಯಲ್ಲಿ. ಹಡಗಿನ ವೈದ್ಯ ಫ್ರೆಡರಿಕ್ ಕುಕ್ ಜನರ ಮುಖ ಬಿಳಿಚಿಕೊಳ್ಳುವುದನ್ನು, ನಾಡಿ ಏರುಪೇರಾಗುವುದನ್ನು, ಒಂದು ಕೆಲಸದ ಮೇಲೆ ಮನಸ್ಸು ನಿಲ್ಲದಿರುವುದನ್ನು ಗಮನಿಸಿದ. ಕೆಟ್ಟ ಸ್ಥಿತಿಯಲ್ಲಿದ್ದವರ ಬಟ್ಟೆ ಬಿಚ್ಚಿಸಿ, ಉರಿಯುವ ಒಲೆಯ ಮುಂದೆ ದಿನಕ್ಕೊಂದು ಗಂಟೆ ಕೂರಿಸಿದ. ಬೆಂಕಿಯ ಕೆಂಪು ಬೆಳಕು ಮೈಮೇಲೆ ಬೀಳಬೇಕು ಎಂಬುದು ಅವನ ಲೆಕ್ಕ. ಜೊತೆಗೆ ಪೆಂಗ್ವಿನ್ ಮತ್ತು ಸೀಲ್‌ನ ತಾಜಾ ಮಾಂಸ ತಿನ್ನಿಸಿದ.

ಬೆಳಕಿನ ಚಿಕಿತ್ಸೆಯ ಶುರು ಇದೇ ಎಂದು ಹಲವರು ಬರೆಯುತ್ತಾರೆ. ಅಷ್ಟು ಸಲೀಸಾಗಿ ಹೇಳಲಾಗದು. ಆ ಜನರಿಗೆ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ಕಾಯಿಲೆ ಹತ್ತಿತ್ತು, ತಾಜಾ ಮಾಂಸವೇ ಅದಕ್ಕೆ ಮದ್ದು. ಒಲೆಯ ಕೆಂಪು ಬೆಳಕು ದೇಹದ ಗಡಿಯಾರಕ್ಕೆ ಹೆಚ್ಚೇನೂ ಮಾಡದು. ಆದರೂ ಒಂದು ವಿಷಯದಲ್ಲಿ ಕುಕ್‌ನ ಕಣ್ಣು ಸರಿಯಾಗಿತ್ತು. ಚಳಿಯಷ್ಟೇ ಜನರನ್ನು ಕಾಡುತ್ತಿಲ್ಲ, ಬೆಳಕಿಲ್ಲದಿರುವುದೂ ಒಂದು ಕಾಯಿಲೆಯಂತೆ ಕೆಲಸ ಮಾಡುತ್ತಿದೆ ಎಂದು ಅವನಿಗೆ ಹೊಳೆದಿತ್ತು.

ರಾತ್ರಿ ಪಾಳಿ ಕಲಿಸಿದ ಪಾಠ

ಬ್ರಿಟನ್ನಿನ ಹ್ಯಾಲಿ ಕೇಂದ್ರದಲ್ಲಿ 1980ರ ದಶಕದಿಂದ ನಡೆದ ಕೆಲಸ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಸರ್ರೆ ವಿಶ್ವವಿದ್ಯಾಲಯದ ಜೋಸೆಫೀನ್ ಅರೆಂಟ್ ಮತ್ತು ಅವರ ಜೊತೆಗಾರರು ಅಲ್ಲಿನವರ ಮೂತ್ರ, ರಕ್ತದ ಮಾದರಿಗಳಲ್ಲಿ ಮೆಲಟೋನಿನ್ ಅಳೆದರು. ಕತ್ತಲಾದ ಮೇಲೆ ದೇಹ ಸುರಿಸುವ ಹಾರ್ಮೋನ್ ಅದು. ಅದು ಎಷ್ಟು ಹೊತ್ತಿಗೆ ಏರುತ್ತದೆ ಎಂದು ನೋಡಿದರೆ ದೇಹದ ಗಡಿಯಾರದಲ್ಲಿ ಎಷ್ಟು ಗಂಟೆ ಎಂದು ಓದಬಹುದು.

ಅಂಟಾರ್ಕ್ಟಿಕ್ ಕೇಂದ್ರದಲ್ಲಿ ಎಲ್ಲರೂ ಒಟ್ಟಿಗೆ ಮಲಗುವಂತಿಲ್ಲ. ಬೆಂಕಿಯ ಭಯವೇ ದೊಡ್ಡದು. ಯಾರಾದರೂ ಒಬ್ಬರು ಎದ್ದಿರಬೇಕು, ಸುತ್ತು ಹೊಡೆಯಬೇಕು, ಜನರೇಟರ್ ಸದ್ದು ಬದಲಾಯಿತಾ ಎಂದು ಕಿವಿಗೊಡಬೇಕು. ಹ್ಯಾಲಿಯಲ್ಲಿ ಈ ರಾತ್ರಿ ಪಾಳಿ ಸರದಿಯ ಮೇಲೆ ಬರುತ್ತಿತ್ತು. ಅಲ್ಲಿ ಕಂಡದ್ದು ಎಲ್ಲರ ನಿರೀಕ್ಷೆಗೆ ಉಲ್ಟಾ. ನಮ್ಮ ಊರುಗಳಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರ ದೇಹವೂ ಅದಕ್ಕೆ ಪೂರ್ತಿ ಒಗ್ಗುವುದು ಅಪರೂಪ. ಹ್ಯಾಲಿಯವರ ದೇಹ ಒಂದು ವಾರದ ಆಸುಪಾಸಿನಲ್ಲೇ ಒಗ್ಗಿಬಿಡುತ್ತಿತ್ತು.

ಕಾರಣ ನೋಡಿದರೆ ಸರಳ. ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಕ್ಯಾಬ್ ಇಳಿಯುವವರ ಮುಖಕ್ಕೆ ಬೆಳಗಿನ ಬಿಸಿಲು ಹೊಡೆಯುತ್ತದೆ. ದೇಹದ ಗಡಿಯಾರ ಮತ್ತೆ ಹಗಲಿಗೇ ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ಮಕ್ಕಳ ಸ್ಕೂಲು, ಬಾಗಿಲು ಬಡಿಯುವ ಹಾಲಿನವರು. ಹ್ಯಾಲಿಯಲ್ಲಿ ಇವು ಯಾವುವೂ ಇರಲಿಲ್ಲ. ಎದುರಿಗೆ ನಿಂತು ಜಗ್ಗುವ ಸೂರ್ಯ ಇಲ್ಲದ್ದರಿಂದ ಗಡಿಯಾರ ಸುಮ್ನೆ ಪಾಳಿಯ ಹಿಂದೆ ಹೋಗುತ್ತಿತ್ತು.

ತೊಂದರೆ ಶುರುವಾಗುವುದು ಪಾಳಿ ಮುಗಿದ ಮೇಲೆ. ಹಗಲಿನ ಕೆಲಸಕ್ಕೆ ಮರಳಬೇಕು, ಆದರೆ ವಾಪಸ್ ಎಳೆದು ತರುವ ಬೆಳಕೂ ಇಲ್ಲ. ಚಳಿಗಾಲದಲ್ಲಿ ಹಳೆಯ ಲಯಕ್ಕೆ ಮರಳಲು ಮೂರು ವಾರದವರೆಗೂ ಹಿಡಿದದ್ದಿದೆ. ಈ ವಾರಗಳಲ್ಲಿ ಅವರು ಜೊತೆಗಾರರ ಜೊತೆ ಊಟಕ್ಕೆ ಕೂರುತ್ತಾರೆ, ಕೆಲಸ ಮಾಡುತ್ತಾರೆ, ಆದರೆ ದೇಹ ಬೇರೆ ಊರಿನ ಹೊತ್ತಿನಲ್ಲಿರುತ್ತದೆ. ತಪ್ಪು ಹೊತ್ತಿನಲ್ಲಿ ಉಂಡ ಊಟವೂ ಸರಿಯಾಗಿ ಒಗ್ಗುವುದಿಲ್ಲ. ಆಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ, ರಕ್ತದಲ್ಲಿ ಕೊಬ್ಬಿನ ಅಂಶ ಹೆಚ್ಚಾಗಿದ್ದನ್ನೂ ಈ ಸಂಶೋಧನೆಗಳು ತೋರಿಸಿವೆ.

ಎಲ್ಲಕ್ಕೂ ಕತ್ತಲೆಯೇ ಕಾರಣವೇ?

ಇಲ್ಲಿ ಸಂಶೋಧಕರು ಒಮ್ಮತಕ್ಕೆ ಬಂದಿಲ್ಲ. ಬೆಳಕೇ ಮೂಲ ಎನ್ನುವವರು ಒಂದು ಕಡೆ. ಒಂಟಿತನ, ಬೇಸರ, ಅದೇ ಮುಖ ಅದೇ ಗೋಡೆ, ಇವೇ ನಿದ್ದೆ ಕೆಡಿಸುತ್ತವೆ ಎನ್ನುವವರು ಇನ್ನೊಂದು ಕಡೆ.

ಎರಡನೆಯವರ ಕೈಯಲ್ಲಿರುವ ಗಟ್ಟಿ ಪುರಾವೆ ಮಾಸ್ಕೋದ್ದು. 2010ರ ಜೂನ್‌ನಿಂದ 2011ರ ನವೆಂಬರ್‌ವರೆಗೆ ಆರು ಗಂಡಸರನ್ನು 520 ದಿನ ಮುಚ್ಚಿದ ಕೋಣೆಗಳಲ್ಲಿ ಇಟ್ಟು ಮಂಗಳಯಾನದ ಅಣಕು ನಡೆಸಿದರು. ಅಲ್ಲಿ ಧ್ರುವದ ಚಳಿಗಾಲ ಇರಲಿಲ್ಲ. ಆದರೂ ದಿನ ಕಳೆದಂತೆ ಅವರ ಓಡಾಟ ಕಡಿಮೆಯಾಯಿತು, ಮಲಗಿ ಕಳೆಯುವ ಹೊತ್ತು ಹೆಚ್ಚಾಯಿತು, ಹೆಚ್ಚಿನವರಲ್ಲಿ ನಿದ್ದೆಯದೋ ಗಮನದ್ದೋ ಒಂದಲ್ಲ ಒಂದು ತೊಡಕು ಕಾಣಿಸಿತು. ಬೆಳಕಿನ ವಾದದವರು ಇದಕ್ಕೆ ಕೊಡುವ ಉತ್ತರವೂ ಸಣ್ಣದಲ್ಲ. ಆ ಕೋಣೆಗಳಲ್ಲೂ ಬಿಸಿಲು ಇರಲಿಲ್ಲವಲ್ಲ, ಇದ್ದದ್ದು ಒಳಾಂಗಣದ ದೀಪ ಮಾತ್ರ ಎನ್ನುತ್ತಾರೆ ಅವರು.

2025ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಅಂಟಾರ್ಕ್ಟಿಕ್ ಕೇಂದ್ರದಿಂದ ಹಲ್ಲೆಯ ಆರೋಪದ ಸುದ್ದಿ ಬಂದಾಗ, ಕತ್ತಲು ಮತ್ತು ನಿದ್ದೆಗೇಡಿನಿಂದ ಜನರ ತಲೆ ಕೆಡುತ್ತದೆ ಎಂದು ಅರ್ಥ ಮಾಡಿಕೊಳ್ಳುವುದು ಸುಲಭವಿತ್ತು. ಕ್ಯಾಲೆಂಡರ್ ನೋಡಿದರೆ ಆ ಅರ್ಥ ನಿಲ್ಲುವುದಿಲ್ಲ. ಮಾರ್ಚ್‌ನಲ್ಲಿ ಅಲ್ಲಿ ಸೂರ್ಯ ದಿನವೂ ಹುಟ್ಟುತ್ತಾನೆ. ಧ್ರುವ ರಾತ್ರಿಗೆ ಇನ್ನೂ ಎರಡು ತಿಂಗಳಿತ್ತು. ಕೆಲಸದ ವೇಳೆ ಬದಲಾದ ಬಗ್ಗೆ ಜಗಳ ಎಂದಷ್ಟೇ ಸರ್ಕಾರದ ಕಡೆಯಿಂದ ಬಂದ ವಿವರಣೆ. ಪ್ರತಿ ಜಗಳವನ್ನೂ ನಿದ್ದೆಯ ಖಾತೆಗೆ ಬರೆಯುವುದು ತಪ್ಪು.

ಮೂರನೇ ಕಾರಣ ಎತ್ತರ. ಕಾಂಕಾರ್ಡಿಯಾ 3,200 ಮೀಟರಿಗೂ ಎತ್ತರದ ಹಿಮದ ಮೇಲಿದೆ. ಅಲ್ಲಿ ಆಮ್ಲಜನಕ ಕಡಿಮೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ, ಆಗಾಗ ಎಚ್ಚರವಾಗುತ್ತದೆ. ಮೈತ್ರಿ, ಭಾರತಿ ಅಷ್ಟು ಎತ್ತರದಲ್ಲಿಲ್ಲ. ಹಾಗಾಗಿ ಕಾಂಕಾರ್ಡಿಯಾದ ಅಂಕಿಗಳನ್ನು ಎತ್ತಿ ನಮ್ಮ ಕೇಂದ್ರಗಳಿಗೆ ಹಚ್ಚುವಾಗ ಹುಷಾರಾಗಿರಬೇಕು.

ನನಗೆ ಅನಿಸುವುದು ಇಷ್ಟು. ಈ ಕಾರಣಗಳು ಒಂದಕ್ಕೊಂದು ಎದುರಾಳಿಗಳಲ್ಲ, ಒಂದು ಇನ್ನೊಂದಕ್ಕೆ ಹೆಗಲು ಕೊಡುತ್ತವೆ. ಬೆಳಕಿಲ್ಲದೆ ನಿದ್ದೆ ತಡವಾಗುತ್ತದೆ. ತಡವಾಗಿ ಎದ್ದವರು ತಿಂಡಿಗೆ ಬರುವುದಿಲ್ಲ. ತಿಂಡಿಗೆ ಬಾರದವರ ಜೊತೆ ಉಳಿದವರ ಮಾತು ಕಡಿಮೆಯಾಗುತ್ತದೆ. ಮಾತು ಕಡಿಮೆಯಾದಂತೆ ಕೋಣೆ ಸೇರುವುದು ಜಾಸ್ತಿ, ಕೋಣೆಯ ಬೆಳಕು ಇನ್ನೂ ಮಂದ. ಈ ಸುತ್ತಿನಲ್ಲಿ ಒಂಟಿತನವನ್ನು ತೆಗೆದುಹಾಕಲು ಹಡಗು ಬರಬೇಕು. ಬೆಳಕನ್ನು ಸರಿಮಾಡಲು ದೀಪ ಸಾಕು. ಅದಕ್ಕೇ ಬೆಳಕಿನಿಂದ ಶುರು ಮಾಡುವುದು ಬುದ್ಧಿವಂತಿಕೆ.

ಹತ್ತು ನಿಮಿಷದ ಪರೀಕ್ಷೆ

ನಿದ್ದೆ ಕೆಟ್ಟರೆ ಎಚ್ಚರ ಎಷ್ಟು ಕುಂದುತ್ತದೆ? ಅದನ್ನು ಅಳೆಯಲು ತೀರಾ ಸರಳವಾದ ಒಂದು ಪರೀಕ್ಷೆ ಇದೆ. ಖಾಲಿ ಪರದೆ ನೋಡುತ್ತಾ ಕೂರಬೇಕು. ಎರಡರಿಂದ ಹತ್ತು ಸೆಕೆಂಡಿನ ಒಳಗೆ, ಯಾವಾಗ ಎಂದು ಗೊತ್ತಿಲ್ಲದಂತೆ, ಅಂಕಿಗಳು ಓಡತೊಡಗುತ್ತವೆ. ಕಂಡ ಕೂಡಲೇ ಗುಂಡಿ ಒತ್ತಬೇಕು. ಮತ್ತೆ ಖಾಲಿ ಪರದೆ. ಹೀಗೆ ಹತ್ತು ನಿಮಿಷ. ಅರ್ಧ ಸೆಕೆಂಡು ತಡವಾದರೂ ಒಂದು ತಪ್ಪಿನ ಲೆಕ್ಕ. ನಿದ್ದೆ ಸರಿಯಾಗಿ ಆದವರ ಬೆರಳು ಕಾಲು ಸೆಕೆಂಡಿನ ಸುತ್ತಮುತ್ತ ಒತ್ತುತ್ತದೆ. ನಿದ್ದೆಗೆಟ್ಟವರೂ ಹೆಚ್ಚಿನ ಸಲ ಸರಿಯಾಗೇ ಒತ್ತುತ್ತಾರೆ. ನಡುವೆ ಒಮ್ಮೊಮ್ಮೆ ಮಾತ್ರ, ಕಣ್ಣು ತೆರೆದೇ ಇದ್ದರೂ, ಅಂಕಿ ಓಡುತ್ತಲೇ ಇರುತ್ತದೆ, ಬೆರಳು ಅಲ್ಲಾಡುವುದಿಲ್ಲ. ಆ ಕ್ಷಣ ಅವರು ಅಲ್ಲಿರುವುದಿಲ್ಲ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗ ಇದರ ಇನ್ನೊಂದು ಮುಖ ತೋರಿಸಿತು. ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಲು ಬಿಟ್ಟವರ ಚುರುಕು, ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಆದರೆ ಅವರನ್ನು ಕೇಳಿದರೆ ಅಷ್ಟೇನೂ ನಿದ್ದೆ ಬರುತ್ತಿಲ್ಲ ಎನ್ನುತ್ತಿದ್ದರು. ಮಂಕು ಅಭ್ಯಾಸವಾಗಿಬಿಟ್ಟಿತ್ತು. ‘ನಾನು ಆರಾಮಾಗಿದ್ದೇನೆ’ ಎಂಬ ಮಾತನ್ನು ನಂಬಿ ಪಾಳಿಗೆ ಹಾಕುವುದು ಯಾಕೆ ಅಪಾಯ ಎಂಬುದು ಇದರಿಂದ ತಿಳಿಯುತ್ತದೆ.

ಅಂಟಾರ್ಕ್ಟಿಕಾದಲ್ಲಿ ಎಚ್ಚರದ ಬೆಲೆ ಎಷ್ಟು ಎಂದು ತಿಳಿಯಲು 1982ರ ಏಪ್ರಿಲ್ ನೆನೆದರೆ ಸಾಕು. ಸೋವಿಯತ್ ದೇಶದ ವೋಸ್ತೋಕ್ ಕೇಂದ್ರದ ವಿದ್ಯುತ್ ಘಟಕಕ್ಕೆ ಬೆಂಕಿ ಬಿತ್ತು. ಒಬ್ಬರು ಸತ್ತರು. ಉಳಿದವರು ಮುಖ್ಯ ವಿದ್ಯುತ್ತೇ ಇಲ್ಲದೆ, ಕೈಯಲ್ಲಿ ಮಾಡಿಕೊಂಡ ಒಲೆಗಳಿಂದ ಇಡೀ ಚಳಿಗಾಲ ತಳ್ಳಿದರು. ಆ ಬೆಂಕಿಗೆ ನಿದ್ದೆಗೇಡು ಕಾರಣ ಎಂದು ಹೇಳುತ್ತಿಲ್ಲ. ಆದರೆ ಅಂಥ ಕಡೆ ಬೆಂಕಿಯನ್ನು ಮೊದಲ ನಿಮಿಷದಲ್ಲಿ ಕಾಣುವುದಕ್ಕೂ ಹತ್ತನೇ ನಿಮಿಷದಲ್ಲಿ ಕಾಣುವುದಕ್ಕೂ ಇರುವ ಅಂತರ ದೊಡ್ಡದು.

ಮೆದುಳು ಕುಗ್ಗಿದ ಸುದ್ದಿ

ಇದರ ಮೂಲ 2019ರಲ್ಲಿ ಬಂದ ಜರ್ಮನ್ ಅಧ್ಯಯನ. ನಾಯ್‌ಮಾಯರ್-3 ಕೇಂದ್ರದಲ್ಲಿ 14 ತಿಂಗಳು ಕಳೆದ ಒಂಬತ್ತು ಜನರ ಮೆದುಳನ್ನು ಸ್ಕ್ಯಾನ್ ಮಾಡಿದಾಗ, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್‌ನ ಒಂದು ಭಾಗ ಸುಮಾರು 7 ಶೇಕಡಾ ಚಿಕ್ಕದಾಗಿತ್ತು. ಇಡೀ ಮೆದುಳಲ್ಲ, ಅದರ ಒಂದು ಸಣ್ಣ ಭಾಗ. ಜನವೂ ಒಂಬತ್ತೇ. ಅಲ್ಲಿ ನಿದ್ದೆ, ಒಂಟಿತನ, ಒಂದೇ ನೋಟದ ಬೇಸರ ಎಲ್ಲ ಕಲಸಿಕೊಂಡಿವೆ, ಯಾವುದರ ಪಾಲು ಎಷ್ಟು ಎಂದು ಬಿಡಿಸಲಾಗಿಲ್ಲ. ಇನ್ನೊಂದು ಕಡೆ, ಅಂಟಾರ್ಕ್ಟಿಕಾದಲ್ಲಿ ಚಳಿಗಾಲ ಕಳೆದ ಅಮೆರಿಕದ ನೌಕಾಪಡೆಯವರನ್ನು ಮುಂದೆ ವರ್ಷಗಟ್ಟಲೆ ಗಮನಿಸಿದ ಸಂಶೋಧಕ ಲಾರೆನ್ಸ್ ಪಲಿಂಕಾಸ್, ಅವರು ಆಸ್ಪತ್ರೆ ಸೇರಿದ್ದು ಅಲ್ಲಿಗೆ ಹೋಗದವರಿಗಿಂತ ಕಡಿಮೆ ಎಂದು ಕಂಡಿದ್ದರು. ಹೋಗಿ ಬಂದವರೆಲ್ಲ ಕೆಟ್ಟು ಬರುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲ.

ದೀಪದಿಂದ ಎಷ್ಟು ಸರಿಹೋಗುತ್ತದೆ?

ಹ್ಯಾಲಿಯಲ್ಲಿ ನಡೆದು 1987ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ 2,500 ಲಕ್ಸ್ ಬೆಳಕಿನ ಮುಂದೆ ಜನರನ್ನು ಕೂರಿಸಿದರು. ಹಿಂದೆ ಬಿದ್ದಿದ್ದ ಮೆಲಟೋನಿನ್ ಲಯ ಮುಂದಕ್ಕೆ ಬಂತು. ಕಾಂಕಾರ್ಡಿಯಾದಲ್ಲಿ ಇನ್ನೊಂದು ದಾರಿ ಹಿಡಿದರು. ದೀಪದ ಮುಂದೆ ಬಂದು ಕೂರಿ ಎನ್ನುವ ಬದಲು ಕೇಂದ್ರದ ದೀಪಗಳನ್ನೇ ಬದಲಾಯಿಸಿದರು. ಚಳಿಗಾಲದ ಒಂಬತ್ತು ವಾರ, ಸಾಮಾನ್ಯ ಬಿಳಿ ದೀಪ ಮತ್ತು ನೀಲಿ ಅಂಶ ಹೆಚ್ಚಿಸಿದ ಬಿಳಿ ದೀಪ ಸರದಿಯಂತೆ ಉರಿದವು. ನೀಲಿ ಅಂಶ ಹೆಚ್ಚಿದ್ದ ವಾರಗಳಲ್ಲಿ ನಿದ್ದೆಯೂ ಚುರುಕೂ ಉತ್ತಮವಾಗಿದ್ದವು. 2014ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆದರೂ ಇದನ್ನು ಪವಾಡ ಎನ್ನಲಾಗದು. ಹ್ಯಾಲಿಯ ನಂತರದ ಪ್ರಯೋಗಗಳಲ್ಲಿ ಸಿಕ್ಕ ಲಾಭ ಸಾಧಾರಣ. ಎಲ್ಲ ಕಡೆಯೂ ಜನ ಬೆರಳೆಣಿಕೆಯಷ್ಟೇ. ಹೊತ್ತು ತಪ್ಪಿದರೆ ಅದೇ ದೀಪ ಕೆಡುಕೂ ಮಾಡುತ್ತದೆ. ಮಲಗುವ ಮುಂಚೆ ಪ್ರಖರ ಬೆಳಕು ಬಿದ್ದರೆ ನಿದ್ದೆ ಇನ್ನೂ ತಡವಾಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಆಗುವುದೂ ಇದೇ. ನಡುರಾತ್ರಿಯಲ್ಲೂ ಬಿಸಿಲು, ಕಿಟಕಿಗೆ ದಪ್ಪ ಪರದೆ ಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2016ರಿಂದ ಹಳೆಯ ಟ್ಯೂಬ್‌ಲೈಟ್ ತೆಗೆದು, ಹೊತ್ತಿಗೆ ತಕ್ಕಂತೆ ಬಣ್ಣ ಬದಲಿಸುವ ಎಲ್‌ಇಡಿ ದೀಪ ಹಾಕತೊಡಗಿದ್ದು ಇದೇ ಕಾರಣಕ್ಕೆ.

ಮೈತ್ರಿ-2 ಕಟ್ಟುವಾಗ

ಕಟ್ಟಡ ಎದ್ದ ಮೇಲೆ ದೀಪ ಬದಲಿಸುವುದಕ್ಕೂ, ನಕ್ಷೆ ಬರೆಯುವಾಗಲೇ ಬೆಳಕಿನ ಲೆಕ್ಕ ಹಾಕುವುದಕ್ಕೂ ವ್ಯತ್ಯಾಸವಿದೆ. ಅಲ್ಲಿ ಉರಿಯುವ ಒಂದೊಂದು ಲೀಟರ್ ಇಂಧನವೂ ಹಡಗಿನಲ್ಲಿ ಹೋಗಬೇಕು ಎಂಬುದು ಹೆಚ್ಚು ದೀಪ ಬೇಡ ಎನ್ನುವವರ ವಾದ. ಎಲ್‌ಇಡಿ ಬಂದ ಮೇಲೆ ಆ ವಾದದ ಬಲ ಕುಗ್ಗಿದೆ. ಇಡೀ ಕಟ್ಟಡವನ್ನು ಬೆಳಗಬೇಕಾಗಿಯೂ ಇಲ್ಲ. ಬೆಳಗ್ಗೆ ಎಲ್ಲರೂ ಸೇರುವ ಊಟದ ಕೋಣೆಯಲ್ಲಿ ತಿಂಡಿಯ ಹೊತ್ತಿಗೆ ಪ್ರಖರ ಬೆಳಕು, ಮಲಗುವ ಕೋಣೆಗಳ ಕಡೆ ಸಂಜೆಯಿಂದ ಮಂದ ಹಳದಿ ಬೆಳಕು. ದೊಡ್ಡ ಭಾಗ ಇಷ್ಟರಲ್ಲೇ ಮುಗಿಯುತ್ತದೆ.

ತಿಂಡಿಗೆ ಎಲ್ಲರೂ ಬರಲೇಬೇಕು ಎಂದು ನಿಯಮ ಮಾಡಬಹುದೇ ಎಂಬುದು ಕಷ್ಟದ ಪ್ರಶ್ನೆ. ವರ್ಷಪೂರ್ತಿ ಮನೆಬಿಟ್ಟು ಬಂದ ದೊಡ್ಡವರಿಗೆ ಹಾಸ್ಟೆಲ್ ಶಿಸ್ತು ಹೇರಿದರೆ ಸಿಟ್ಟು ಬರುತ್ತದೆ. ಬಿಟ್ಟರೆ ಒಬ್ಬೊಬ್ಬರ ಬೆಳಗು ಒಂದೊಂದು ಹೊತ್ತಿಗೆ ಆಗುತ್ತದೆ. ಕಡ್ಡಾಯಕ್ಕಿಂತ ಕಾರಣ ಬಿಡಿಸಿ ಹೇಳುವುದು ಮೇಲು. ಹೊರಡುವ ಮುಂಚೆಯೇ, ಇಲ್ಲಿ ತರಬೇತಿ ನಡೆಯುವಾಗ, ಆ ಹನ್ನೊಂದು ನಿಮಿಷದ ಲೆಕ್ಕವನ್ನು ಪ್ರತಿಯೊಬ್ಬರಿಗೂ ತೋರಿಸಬೇಕು.

ರಾತ್ರಿ ಪಾಳಿಯ ಪಟ್ಟಿಯೂ ಇದೇ ಲೆಕ್ಕದ ಮೇಲೆ ನಿಲ್ಲಬೇಕು. ಪಾಳಿ ಮುಗಿಸಿದವರನ್ನು ಮರುದಿನವೇ ಹಿಮದ ಮೇಲಿನ ಕೆಲಸಕ್ಕೆ, ವಾಹನ ಓಡಿಸಲು, ಜನರೇಟರ್ ಬಿಚ್ಚಲು ಕಳಿಸಬಾರದು. ಚಳಿಗಾಲದಲ್ಲಿ ಅವರ ದೇಹ ಹಗಲಿಗೆ ಮರಳಲು ವಾರಗಳೇ ಬೇಕು. ಆ ವಾರಗಳಲ್ಲಿ ಬೆಳಗಿನ ದೀಪದ ಮುಂದಿನ ಮೊದಲ ಕುರ್ಚಿ ಅವರಿಗೆ ಸಿಗಬೇಕು.